ಕಣ್ಣಾರೆ ಕಂಡು ಬರೆದ ಕಾದಂಬರಿಕಾರ ಎಮಿಲ್ ಜೋಲಾ

1859ನೆಯ ಇಸವಿ. ಪ್ಯಾರಿಸ್ ನಗರದಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಶಾಲಾ ವ್ಯಾಸಂಗದ ಕೊನೆಯ ಪರೀಕ್ಷೆಗೆ ಕುಳಿತ. ಲಿಖಿತ ಪರೀಕ್ಷೆಯಲ್ಲಿ ಪಾಸಾದ. ಮೌಖಿಕ ಪರೀಕ್ಷೆಯಲ್ಲಿ ವಿಜ್ಞಾನದ ಪ್ರಶ್ನೆಗಳಿಗೂ ಚೆನ್ನಾಗಿಯೇ ಉತ್ತರ ಹೇಳಿದ. ಆದರೆ ಸಾಹಿತ್ಯದಲ್ಲಿ ನಪಾಸಾದ! ಕೆಲವು ತಿಂಗಳ ನಂತರ ಮಾರ್ಸೇಲ್ಸ್ ಪಟ್ಟಣದಲ್ಲಿ ಮತ್ತೊಮ್ಮೆ ಪ್ರಯತ್ನಿಸಿದ. ಆಗಲೂ ಅನುತ್ತೀರ್ಣನಾದ. ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ಬಡ ವಿಧವೆಯ ಒಬ್ಬನೇ ಮಗನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಆ ಹುಡುಗನೇ ಎಮಿಲ್ ಜೋಲಾ. ಮುಂದೆ ಇಪ್ಪತ್ತು ಕಾದಂಬರಿಗಳ ಬೃಹತ್ ಮಾಲೆಯೊಂದನ್ನು ಬರೆದು, ಫ್ರಾನ್ಸಿನ ವಾಸ್ತವವಾದಿ ಕಾದಂಬರಿಕಾರರ ಸಾಲಿನಲ್ಲಿ ಬಾಲ್ಜಾಕ್ ಮತ್ತು ಫ್ಲೋಬೇರರ ಪಕ್ಕದಲ್ಲಿ ನಿಂತವನು. ಅಷ್ಟೇ ಆಗಿದ್ದರೆ ಅವನ ಹೆಸರು ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿಯುತ್ತಿತ್ತು. ಆದರೆ ತನಗೆ ಪರಿಚಯವೇ ಇಲ್ಲದ ಒಬ್ಬ ನಿರಪರಾಧಿ ಸೈನಿಕನಿಗಾಗಿ ತನ್ನ ಹೆಸರು, ಹಣ, ನೆಮ್ಮದಿ ಎಲ್ಲವನ್ನೂ ಪಣಕ್ಕೆ ಒಡ್ಡಿದ್ದರಿಂದ ಜೋಲಾ ಇಡೀ ಜಗತ್ತಿಗೆ ಸೇರಿದವನಾದ.

ಎಂಜಿನಿಯರನ ಮಗ

ಜೋಲಾ ಹುಟ್ಟಿದ್ದು 1840ರ ಏಪ್ರಿಲ್ 2ರಂದು, ಪ್ಯಾರಿಸ್ಸಿನಲ್ಲಿ. ತಂದೆ ಫ್ರಾನ್ಸ್ವಾ ಜೋಲಾ ಇಟಲಿಯ ವೆನಿಸ್ ಮೂಲದ ಎಂಜಿನಿಯರು. ತಾಯಿ ಎಮಿಲಿ ಫ್ರಾನ್ಸಿನವಳು. ದಕ್ಷಿಣ ಫ್ರಾನ್ಸಿನ ಏಕ್ಸ್ ಎಂಬ ಊರಿನಲ್ಲಿ ಕುಡಿಯುವ ನೀರಿಗೆ ತುಂಬಾ ಅಭಾವವಿತ್ತು. ಊರ ಹೊರಗಿನ ಕಣಿವೆಗೆ ಅಣೆಕಟ್ಟು ಕಟ್ಟಿ, ಕಾಲುವೆಯ ಮೂಲಕ ನೀರು ತರುವ ಯೋಜನೆಯನ್ನು ಫ್ರಾನ್ಸ್ವಾ ರೂಪಿಸಿದ. ಅದಕ್ಕಾಗಿ ಸಂಸಾರ ಸಮೇತ ಏಕ್ಸ್‌ಗೆ ಬಂದು ನೆಲೆಸಿದ. ಕೆಲಸ ಆರಂಭವಾದ ಕೆಲವೇ ದಿನಗಳಲ್ಲಿ, 1847ರಲ್ಲಿ, ನ್ಯುಮೋನಿಯಾ ತಗುಲಿ ತೀರಿಕೊಂಡ. ಆಗ ಎಮಿಲ್‌ಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ. ಅಣೆಕಟ್ಟು 1854ರಲ್ಲಿ ಪೂರ್ಣಗೊಂಡಿತು. ನೀರಿನ ಒತ್ತಡವನ್ನು ಎರಡೂ ಬದಿಯ ಬಂಡೆಗಳಿಗೆ ವರ್ಗಾಯಿಸುವ ಕಮಾನಿನಾಕಾರದ ಆ ಕಟ್ಟೆ, ಆಧುನಿಕ ಕಾಲದ ಮೊದಮೊದಲ ಕಮಾನು ಅಣೆಕಟ್ಟುಗಳಲ್ಲಿ ಒಂದು. ಅದು ಇಂದಿಗೂ ‘ಜೋಲಾ ಅಣೆಕಟ್ಟು’ ಎಂಬ ಹೆಸರಿನಲ್ಲೇ ನಿಂತಿದೆ.

ತಂದೆಯ ಸಾವಿನೊಂದಿಗೆ ಸಂಸಾರ ಸಾಲದಲ್ಲಿ ಮುಳುಗಿತು. ವರ್ಷ ವರ್ಷಕ್ಕೂ ಹಿಂದಿನದಕ್ಕಿಂತ ಕಡಿಮೆ ಬಾಡಿಗೆಯ ಮನೆ. ಏಕ್ಸ್‌ನ ಶಾಲೆಯಲ್ಲಿ ಎಮಿಲ್‌ಗೆ ಸಿಕ್ಕ ದೊಡ್ಡ ಸಂಪತ್ತೆಂದರೆ ಗೆಳೆತನ. ಅವನಿಗಿಂತ ಒಂದು ವರ್ಷ ದೊಡ್ಡವನಾದ ಆ ಗೆಳೆಯನ ಹೆಸರು ಪಾಲ್ ಸೆಜಾನ್. ಮುಂದೆ ಆಧುನಿಕ ಚಿತ್ರಕಲೆಯ ದಿಕ್ಕನ್ನೇ ಬದಲಿಸಿದ ಅದೇ ಸೆಜಾನ್! ಇಬ್ಬರೂ ಗುಡ್ಡ ಬೆಟ್ಟ ಸುತ್ತುತ್ತಾ, ಹೊಳೆಯಲ್ಲಿ ಈಜುತ್ತಾ, ಪದ್ಯ ಓದುತ್ತಾ ಬೆಳೆದರು. ಒಂದೇ ಶಾಲೆಯ ಇಬ್ಬರು ಹುಡುಗರು ಸಾಹಿತ್ಯ, ಚಿತ್ರಕಲೆ ಎರಡರಲ್ಲೂ ಹೀಗೆ ಶಿಖರ ಮುಟ್ಟಿದ್ದು ಅಪರೂಪದ ಸಂಗತಿ.

ಪೊಟ್ಟಣ ಕಟ್ಟುವ ಕೆಲಸ

ಪರೀಕ್ಷೆಯಲ್ಲಿ ಸೋತ ಜೋಲಾನ ಮುಂದಿನ ಎರಡು ವರ್ಷಗಳು ಕಡು ಬಡತನದಲ್ಲಿ ಕಳೆದವು. 1860ರಲ್ಲಿ ಸುಂಕದ ಕಚೇರಿಯೊಂದರಲ್ಲಿ ತಿಂಗಳಿಗೆ 60 ಫ್ರಾಂಕ್ ಸಂಬಳದ ಗುಮಾಸ್ತೆ ಕೆಲಸ ಸಿಕ್ಕಿತು. ಎರಡೇ ತಿಂಗಳಲ್ಲಿ ಬಿಟ್ಟ. ಚಳಿಗೆ ಬೆಂಕಿಯಿಲ್ಲದ ಅಟ್ಟದ ಕೋಣೆ, ಅಡವಿಟ್ಟ ಬಟ್ಟೆ, ಅರೆಹೊಟ್ಟೆ. 1862ರಲ್ಲಿ ಹಶೆತ್ ಎಂಬ ಪ್ರಸಿದ್ಧ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ಮೊದಲಿಗೆ ಪುಸ್ತಕಗಳ ಪೊಟ್ಟಣ ಕಟ್ಟುವ ಕೆಲಸ! ಬೇಗನೆ ಅದೇ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಬಡ್ತಿ ದೊರೆಯಿತು. ಲೇಖಕರು, ಪತ್ರಿಕೆಗಳು, ಮುದ್ರಣ, ಮಾರಾಟ ಎಲ್ಲದರ ಒಳಹೊರಗುಗಳನ್ನು ಅವನು ಕಲಿತದ್ದು ಅಲ್ಲಿಯೇ. ಕಾಲೇಜು ಕೊಡದ ಶಿಕ್ಷಣವನ್ನು ಪುಸ್ತಕದ ಗೋದಾಮು ಕೊಟ್ಟಿತು ಎನ್ನಬಹುದು. ಹಗಲು ಕಚೇರಿ, ರಾತ್ರಿ ಬರವಣಿಗೆ. 1864ರಲ್ಲಿ ಮೊದಲ ಕಥಾಸಂಕಲನ ಹೊರಬಂತು. 1866ರಲ್ಲಿ ಕೆಲಸ ಬಿಟ್ಟು ಪೂರ್ಣಕಾಲಿಕ ಬರಹಗಾರನಾದ. ಅದೇ ವರ್ಷ, ಎಲ್ಲರೂ ಗೇಲಿ ಮಾಡುತ್ತಿದ್ದ ಚಿತ್ರಕಾರ ಮಾನೆಯ ಪರವಾಗಿ ಪತ್ರಿಕೆಯಲ್ಲಿ ಬರೆದು ಓದುಗರ ಕೋಪಕ್ಕೆ ಗುರಿಯಾದ. ಜನಪ್ರಿಯವಲ್ಲದ ಪಕ್ಷ ವಹಿಸುವ ಅಭ್ಯಾಸ ಅವನಿಗೆ ಚಿಕ್ಕಂದಿನಲ್ಲೇ ಬಂದಿತ್ತು.

ಕಾದಂಬರಿಯೇ ಪ್ರಯೋಗಶಾಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ವಿಜ್ಞಾನದ ಸುಗ್ಗಿಯ ಕಾಲ. 1859ರಲ್ಲಿ ಡಾರ್ವಿನ್ನನ ಜೀವಿ ಸಂಕುಲಗಳ ಉಗಮವನ್ನು ಕುರಿತ ಗ್ರಂಥ ಪ್ರಕಟವಾಗಿತ್ತು. 1865ರಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್, ವೈದ್ಯಶಾಸ್ತ್ರವು ಪ್ರಯೋಗಗಳ ಮೇಲೆ ನಿಲ್ಲಬೇಕೆಂದು ವಾದಿಸಿ ಪುಸ್ತಕ ಬರೆದ. ಪ್ರೊಸ್ಪೆ ಲ್ಯುಕಾ ಎಂಬ ವೈದ್ಯ ಅನುವಂಶೀಯತೆಯ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದ್ದ. ಇವುಗಳಿಂದ ಪ್ರಭಾವಿತನಾದ ಜೋಲಾಗೆ ಒಂದು ಯೋಚನೆ ಬಂತು. ವಿಜ್ಞಾನಿ ಪ್ರಾಣಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿಟ್ಟು ಪರೀಕ್ಷಿಸುವಂತೆ, ಕಾದಂಬರಿಕಾರ ಮನುಷ್ಯರನ್ನು ಯಾಕೆ ಪರೀಕ್ಷಿಸಬಾರದು? ರಕ್ತದಿಂದ ಬಂದ ಗುಣವೆಷ್ಟು, ಸುತ್ತಲಿನ ಪರಿಸರ ಕೊಟ್ಟದ್ದೆಷ್ಟು ಎಂದು ಯಾಕೆ ತೋರಿಸಬಾರದು?

ಹೀಗೆ ಹುಟ್ಟಿದ್ದು ‘ರೂಗೋನ್-ಮಕಾರ್’ ಕಾದಂಬರಿ ಮಾಲೆ. ಒಂದೇ ಕುಟುಂಬದ ಐದು ತಲೆಮಾರುಗಳ ಕಥೆ. ಒಬ್ಬಳೇ ಮೂಲ ಅಜ್ಜಿಯಿಂದ ಕವಲೊಡೆದ ಸಂತಾನದಲ್ಲಿ ಮಂತ್ರಿ ಇದ್ದಾನೆ, ಅಗಸಗಿತ್ತಿ ಇದ್ದಾಳೆ, ವೈದ್ಯ, ಪಾದ್ರಿ, ಚಿತ್ರಕಾರ, ರೈಲ್ವೆ ಎಂಜಿನ್ ಚಾಲಕ, ಗಣಿ ಕಾರ್ಮಿಕ ಎಲ್ಲರೂ ಇದ್ದಾರೆ. 1871ರಲ್ಲಿ ಆರಂಭವಾದ ಮಾಲೆ 1893ರಲ್ಲಿ ಇಪ್ಪತ್ತನೆಯ ಸಂಪುಟದೊಂದಿಗೆ ಮುಗಿಯಿತು. ನಡುವೆ ಒಂದು ಸಂಪುಟಕ್ಕೆ ಜೋಲಾ ಈ ಕುಟುಂಬದ ವಂಶವೃಕ್ಷದ ಚಿತ್ರವನ್ನೂ ಸೇರಿಸಿದ್ದ.

1877ರಲ್ಲಿ ಬಂದ ಏಳನೆಯ ಕಾದಂಬರಿ ‘ಲಾಸೊಮ್ವಾರ್’ ಅವನಿಗೆ ಹಣ, ಕೀರ್ತಿ, ಬೈಗುಳ ಮೂರನ್ನೂ ಒಟ್ಟಿಗೆ ತಂದಿತು. ಜೆರ್ವೇಸ್ ಎಂಬ ಬಡ ಅಗಸಗಿತ್ತಿ ಕಷ್ಟಪಟ್ಟು ಸ್ವಂತ ಅಂಗಡಿ ಮಾಡಿಕೊಳ್ಳುತ್ತಾಳೆ. ಮನೆಗಳ ಮೇಲ್ಛಾವಣಿಗೆ ಸತುವಿನ ತಗಡು ಹೊದಿಸುವ ಅವಳ ಗಂಡ ಕೆಲಸದ ವೇಳೆ ಮೇಲಿಂದ ಬಿದ್ದು ಗಾಯಗೊಳ್ಳುತ್ತಾನೆ. ಮನೆಯಲ್ಲಿ ಕುಳಿತ ದಿನಗಳಲ್ಲಿ ಕುಡಿತ ಅಂಟಿಕೊಳ್ಳುತ್ತದೆ. ಮೆಲ್ಲಮೆಲ್ಲನೆ ಇಡೀ ಸಂಸಾರ ಕುಸಿಯುತ್ತದೆ. ಕುಡಿತದ ಕೇಡನ್ನು ಉಪದೇಶದ ಒಂದು ಮಾತೂ ಇಲ್ಲದೆ ಇಷ್ಟು ಸ್ಪಷ್ಟವಾಗಿ ತೋರಿಸಿದ ಪುಸ್ತಕಗಳು ಕಡಿಮೆ. ಬಡವರ ಬೀದಿಯ ಮಾತನ್ನೇ ಕಾದಂಬರಿಯ ಭಾಷೆಯಾಗಿ ಬಳಸಿದ್ದಕ್ಕೆ ಸಭ್ಯ ಸಮಾಜ ಅವನನ್ನು ಕೊಳಕು ಲೇಖಕ ಎಂದು ಜರೆಯಿತು. ಕೆಲವು ಎಡಪಂಥೀಯರು ಕಾರ್ಮಿಕರನ್ನು ಅವಮಾನಿಸಿದ್ದಾನೆ ಎಂದು ಸಿಟ್ಟಾದರು. ಪುಸ್ತಕ ಮಾತ್ರ ಬಿಸಿ ದೋಸೆಯಂತೆ ಖರ್ಚಾಯಿತು. ಇಂಗ್ಲೆಂಡಿನಲ್ಲಿ ಅವನ ಕಾದಂಬರಿಗಳ ಅನುವಾದ ಪ್ರಕಟಿಸಿದ ತಪ್ಪಿಗೆ ಹೆನ್ರಿ ವಿಜೆಟೆಲಿ ಎಂಬ ವೃದ್ಧ ಪ್ರಕಾಶಕ 1889ರಲ್ಲಿ ಮೂರು ತಿಂಗಳು ಜೈಲುವಾಸ ಅನುಭವಿಸಬೇಕಾಯಿತು.

ವಿಜ್ಞಾನದ ದೃಷ್ಟಿಯಿಂದ ಜೋಲಾನ ಸಿದ್ಧಾಂತ ಎಷ್ಟು ಸರಿ? ಇದನ್ನು ವಿದ್ಯಾರ್ಥಿಗಳು ಯೋಚಿಸಬೇಕು. ಪ್ರಯೋಗದಲ್ಲಿ ಫಲಿತಾಂಶ ಮೊದಲೇ ಗೊತ್ತಿರುವುದಿಲ್ಲ. ನಿಸರ್ಗವೇ ಉತ್ತರ ಹೇಳುತ್ತದೆ. ಕಾದಂಬರಿಯಲ್ಲಾದರೋ ಪ್ರಶ್ನೆ ಕೇಳುವವನೂ ಲೇಖಕ, ಉತ್ತರ ಬರೆಯುವವನೂ ಲೇಖಕ. ಆದ್ದರಿಂದ ಕಾದಂಬರಿ ನಿಜವಾದ ಅರ್ಥದಲ್ಲಿ ಪ್ರಯೋಗವಾಗಲಾರದು. ಈ ಆಕ್ಷೇಪವನ್ನು ಅವನ ಕಾಲದವರೇ ಎತ್ತಿದ್ದರು. ಇನ್ನು ಅನುವಂಶೀಯತೆ. ಬಟಾಣಿ ಗಿಡಗಳ ಮೇಲೆ ಗ್ರೆಗರ್ ಮೆಂಡೆಲ್ ನಡೆಸಿದ ಪ್ರಯೋಗಗಳ ವರದಿ 1866ರಲ್ಲೇ ಅಚ್ಚಾಗಿದ್ದರೂ ಲೋಕ ಅದನ್ನು ಗಮನಿಸಿದ್ದು 1900ರಲ್ಲಿ, ಅಂದರೆ ಜೋಲಾನ ಮಾಲೆ ಮುಗಿದು ಏಳು ವರ್ಷಗಳ ಮೇಲೆ! ಕುಡಿತ, ಹುಚ್ಚು, ಅಪರಾಧ ಪ್ರವೃತ್ತಿಗಳು ಅಜ್ಜಿಯಿಂದ ಮೊಮ್ಮಕ್ಕಳಿಗೆ ನೇರವಾಗಿ ಇಳಿದು ಬರುತ್ತವೆ ಎಂಬ ಅಂದಿನ ನಂಬಿಕೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಹಾಗಿದ್ದೂ ಕಾದಂಬರಿಗಳು ಬಾಡಿಲ್ಲ. ಕಾರಣ, ಜೋಲಾ ವಿಜ್ಞಾನದಿಂದ ಎರವಲು ಪಡೆದ ಸಿದ್ಧಾಂತ ಹಳತಾಯಿತೇ ಹೊರತು, ಅದರಿಂದ ಕಲಿತ ಇನ್ನೊಂದು ಗುಣ ಹಳತಾಗಲಿಲ್ಲ. ಅದು ವೀಕ್ಷಣೆ.

ಗಣಿಯ ಆಳಕ್ಕೆ

ಯಾವುದೇ ಕಾದಂಬರಿ ಆರಂಭಿಸುವ ಮೊದಲು ಜೋಲಾ ದಪ್ಪನೆಯ ಕಡತವೊಂದನ್ನು ಸಿದ್ಧಪಡಿಸುತ್ತಿದ್ದ. ಕಥೆಯ ಕರಡು ರೂಪರೇಷೆ, ಪ್ರತಿ ಪಾತ್ರಕ್ಕೂ ವಯಸ್ಸು, ಮೈಕಟ್ಟು, ಸ್ವಭಾವಗಳ ಟಿಪ್ಪಣಿ, ಸ್ಥಳಗಳ ನಕ್ಷೆ, ಅಧ್ಯಾಯವಾರು ಯೋಜನೆ, ಇವೆಲ್ಲ ಅದರಲ್ಲಿರುತ್ತಿದ್ದವು. ಪ್ಯಾರಿಸ್ಸಿನ ತರಕಾರಿ ಮಾರುಕಟ್ಟೆಯ ಬಗ್ಗೆ ಬರೆಯುವಾಗ ಹಗಲು ರಾತ್ರಿ ಅಲ್ಲಿ ಅಲೆದ. ರೈಲ್ವೆಯ ಕಾದಂಬರಿಗಾಗಿ ಉಗಿಬಂಡಿಯ ಎಂಜಿನ್ನಿನಲ್ಲೇ ಪ್ರಯಾಣ ಮಾಡಿದ. ಈ ಕಡತಗಳಲ್ಲಿ ಬಹುಪಾಲು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಭದ್ರವಾಗಿವೆ.

ಇವೆಲ್ಲಕ್ಕೂ ಕಳಶವಿಟ್ಟಂಥದು 1885ರಲ್ಲಿ ಪ್ರಕಟವಾದ ‘ಜೆರ್ಮಿನಾಲ್’. 1884ರ ಫೆಬ್ರವರಿಯಲ್ಲಿ ಉತ್ತರ ಫ್ರಾನ್ಸಿನ ಆಂಜಾನ್ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದರು. ಸುದ್ದಿ ತಿಳಿದ ಜೋಲಾ ಅಲ್ಲಿಗೆ ಧಾವಿಸಿದ. ಆ ಪ್ರಾಂತದ ಸಂಸತ್ ಸದಸ್ಯ ಆಲ್ಫ್ರೆಡ್ ಜಿಯಾರ್ ಅವನಿಗೆ ನೆರವಾದ. ಜಿಯಾರ್ ಸ್ವತಃ ಹೆಸರಾಂತ ಪ್ರಾಣಿಶಾಸ್ತ್ರಜ್ಞ. ಅವನ ಕಾರ್ಯದರ್ಶಿ ಎಂದು ಹೇಳಿಕೊಂಡು ಜೋಲಾ ಗಣಿ ಕಾರ್ಮಿಕರ ಮನೆಗಳನ್ನು, ಹೆಂಡದಂಗಡಿಗಳನ್ನು, ಸಭೆಗಳನ್ನು ನೋಡಿದ. ತೊಟ್ಟಿಲಲ್ಲಿ ಕುಳಿತು ಆರುನೂರು ಮೀಟರಿಗೂ ಹೆಚ್ಚು ಆಳದ ಗಣಿಯೊಳಗೆ ಇಳಿದ. ನಲವತ್ತಮೂರು ವರ್ಷದ, ತುಸು ದಪ್ಪ ಮೈಯ ಆ ಲೇಖಕ ಕತ್ತಲ ಸುರಂಗಗಳಲ್ಲಿ ತೆವಳಿದ. ಗಣಿಯೊಳಗೆ ಬಂಡಿ ಎಳೆಯುವ ಕುದುರೆಗಳು ಒಮ್ಮೆ ಕೆಳಗಿಳಿದರೆ ಮತ್ತೆ ಬೆಳಕು ಕಾಣುವುದು ಸತ್ತ ಮೇಲೆಯೇ ಎಂದು ತಿಳಿದುಕೊಂಡ. ಕಾದಂಬರಿಯಲ್ಲಿ ಬರುವ ಬತಾಯ್ ಎಂಬ ಮುದಿ ಕುದುರೆಯ ಪ್ರಸಂಗವನ್ನು ಓದಿದವರು ಮರೆಯಲಾರರು.

ಕಥೆಯ ನಾಯಕ ಏತಿಯೆನ್, ‘ಲಾಸೊಮ್ವಾರ್’ನ ಜೆರ್ವೇಸಳ ಮಗ. ಕೆಲಸ ಹುಡುಕುತ್ತಾ ಗಣಿಯೂರಿಗೆ ಬರುತ್ತಾನೆ. ಅಲ್ಲಿ ಅಜ್ಜ, ಅಪ್ಪ, ಮಕ್ಕಳು ಎಲ್ಲರೂ ಗಣಿಯಲ್ಲೇ ದುಡಿಯುವ ಮಾಹ್ಯೂ ಸಂಸಾರದ ಪರಿಚಯವಾಗುತ್ತದೆ. ಸುರಂಗದ ಚಾವಣಿ ಕುಸಿಯದಂತೆ ಮರದ ಆಧಾರಗಳನ್ನು ನಿಲ್ಲಿಸುವ ಕೆಲಸಕ್ಕೆ ಬೇರೆಯೇ ಕೂಲಿ ಕೊಡುತ್ತೇವೆಂದು ಕಂಪೆನಿ ಪ್ರಕಟಿಸುತ್ತದೆ. ಆದರೆ ಅದೇ ಉಸಿರಿನಲ್ಲಿ ಪ್ರತಿ ಬಂಡಿ ಕಲ್ಲಿದ್ದಲಿನ ದರವನ್ನು ಇಳಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಕೂಲಿ ಕಡಿಮೆಯೇ ಆಗುತ್ತದೆ! ಇಲ್ಲಿಂದ ಮುಷ್ಕರ, ಹಸಿವು, ಸೈನ್ಯದ ಗುಂಡು, ಕೊನೆಗೆ ನೀರು ನುಗ್ಗಿ ಗಣಿಯೇ ಮುಳುಗುವ ದುರಂತ. ಜೋಲಾ ಮಾಲಿಕರನ್ನು ರಾಕ್ಷಸರನ್ನಾಗಿ ಚಿತ್ರಿಸಲಿಲ್ಲ, ಕಾರ್ಮಿಕರನ್ನು ದೇವತೆಗಳನ್ನಾಗಿಯೂ ಮಾಡಲಿಲ್ಲ. ಹಸಿದ ಹೊಟ್ಟೆ ಮನುಷ್ಯನಿಂದ ಏನೇನು ಮಾಡಿಸುತ್ತದೆ ಎಂಬುದನ್ನು ತೋರಿಸಿದ. ಜೆರ್ಮಿನಾಲ್ ಎಂಬುದು ಫ್ರೆಂಚ್ ಕ್ರಾಂತಿಯ ಪಂಚಾಂಗದಲ್ಲಿ ವಸಂತ ಮಾಸದ ಹೆಸರು. ಬೀಜ ಮೊಳೆಯುವ ತಿಂಗಳು. ಸೋತ ಮುಷ್ಕರದ ಕಥೆಗೆ ಈ ಹೆಸರಿಟ್ಟದ್ದರಲ್ಲಿ ಲೇಖಕನ ಆಶೆ ಕಾಣುತ್ತದೆ.

ಮರುವರ್ಷ ಬಂದ ಇನ್ನೊಂದು ಕಾದಂಬರಿಯಲ್ಲಿ ಸೋತುಹೋದ ಚಿತ್ರಕಾರನೊಬ್ಬನ ಪಾತ್ರವಿತ್ತು. ಅದರಲ್ಲಿ ಸೆಜಾನನ ಛಾಯೆಯನ್ನು ಹಲವರು ಕಂಡರು. ಆ ನಂತರ ಬಾಲ್ಯದ ಗೆಳೆಯರು ದೂರವಾದರು.

ಜೋಲಾನ ಖಾಸಗಿ ಬದುಕೂ ಸರಳವಾಗಿರಲಿಲ್ಲ. ಪತ್ನಿ ಅಲೆಕ್ಸಾಂಡ್ರಿನಳಿಂದ ಮಕ್ಕಳಾಗಲಿಲ್ಲ. ಮನೆಗೆಲಸಕ್ಕೆ ಬಂದಿದ್ದ ಜಾನ್ ರೋಜೆರೋಳಿಂದ ಒಬ್ಬ ಮಗಳು, ಒಬ್ಬ ಮಗ ಹುಟ್ಟಿದರು. ಇದು ಅಲೆಕ್ಸಾಂಡ್ರಿನಳಿಗೆ ದೊಡ್ಡ ಆಘಾತವಾಯಿತು. ಆದರೂ ಆಕೆ ಕಾಲಕ್ರಮೇಣ ಮಕ್ಕಳನ್ನು ಹತ್ತಿರ ಕರೆದುಕೊಂಡಳು. ಗಂಡನ ಮರಣಾನಂತರ ಅವರಿಗೆ ಅವನ ಹೆಸರು ದೊರೆಯುವಂತೆಯೂ ಮಾಡಿದಳು. ಅವಳ ಈ ದೊಡ್ಡತನವನ್ನು ನೆನೆಯದೆ ಜೋಲಾನ ಜೀವನಚರಿತ್ರೆ ಪೂರ್ಣವಾಗದು.

‘ನಾನು ಆಪಾದಿಸುತ್ತೇನೆ’

1894ರಲ್ಲಿ ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ಹರಿದ ಕಾಗದವೊಂದು ಫ್ರೆಂಚ್ ಬೇಹುಗಾರರ ಕೈಸೇರಿತು. ಸೈನ್ಯದ ರಹಸ್ಯಗಳನ್ನು ಮಾರಲು ಹೊರಟ ಯಾವನೋ ಬರೆದ ಪಟ್ಟಿ ಅದು. ಆಲ್ಫ್ರೆಡ್ ಡ್ರೇಫಸ್ ಎಂಬ ಯಹೂದಿ ಕ್ಯಾಪ್ಟನ್ ಮೇಲೆ ಅನುಮಾನ ಬಂತು. ಬೆರಳಚ್ಚಿನ ಕಾಲಕ್ಕೆ ಮೊದಲು ದೇಹದ ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವ ಪದ್ಧತಿ ರೂಪಿಸಿದ್ದ ಬೆರ್ತಿಯೋನ್ ಕೈಬರಹ ಪರೀಕ್ಷಿಸಿದ. ಅವನು ಕೈಬರಹದ ತಜ್ಞನಲ್ಲ. ಆದರೂ, ಅಕ್ಷರಗಳಲ್ಲಿ ವ್ಯತ್ಯಾಸವಿರುವುದು ಡ್ರೇಫಸ್ ತನ್ನ ಬರಹವನ್ನು ತಾನೇ ನಕಲು ಮಾಡಿದ್ದರಿಂದ ಎಂಬ ವಿಚಿತ್ರ ತರ್ಕ ಹೂಡಿದ. ಹೋಲಿಕೆ ಇದ್ದರೂ ಅಪರಾಧಿ, ಇಲ್ಲದಿದ್ದರೂ ಅಪರಾಧಿ! ಡ್ರೇಫಸ್‌ಗೆ ಜೀವಾವಧಿ ಶಿಕ್ಷೆಯಾಯಿತು. ದಕ್ಷಿಣ ಅಮೆರಿಕದ ತೀರದ ‘ಸೈತಾನನ ದ್ವೀಪ’ದಲ್ಲಿ ಅವನನ್ನು ಒಂಟಿಯಾಗಿ ಸೆರೆಯಿಟ್ಟರು.

1896ರಲ್ಲಿ ಬೇಹುಗಾರಿಕೆ ವಿಭಾಗದ ಮುಖ್ಯಸ್ಥ ಪಿಕಾರ್, ಆ ಕೈಬರಹ ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿಯದು ಎಂದು ಪತ್ತೆಹಚ್ಚಿದ. ಮೇಲಧಿಕಾರಿಗಳು ಅವನನ್ನೇ ದೂರದ ಟ್ಯುನೀಷಿಯಾಕ್ಕೆ ಸಾಗಹಾಕಿದರು. ಸೈನ್ಯದ ಮಾನ ಮುಖ್ಯ, ಒಬ್ಬ ಯಹೂದಿಯ ಬದುಕು ಮುಖ್ಯವಲ್ಲ ಎಂಬುದು ಅವರ ಧೋರಣೆ. ಸೆನೆಟ್ಟಿನ ಉಪಾಧ್ಯಕ್ಷ, ರಸಾಯನ ವಿಜ್ಞಾನಿಯೂ ಆಗಿದ್ದ ಷೂರರ್-ಕೆಸ್ಟ್‌ನರ್ ಮುಂತಾದವರಿಂದ ವಿಷಯ ತಿಳಿದ ಜೋಲಾ 1897ರ ಕೊನೆಯಲ್ಲಿ ಲೇಖನಗಳನ್ನು ಬರೆಯತೊಡಗಿದ. 1898ರ ಜನವರಿ 11ರಂದು ಸೇನಾ ನ್ಯಾಯಾಲಯ ಎಸ್ಟರ್‌ಹಾಜಿಯನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟಿತು. ಇನ್ನು ಉಳಿದಿದ್ದು ಒಂದೇ ದಾರಿ.

ಎರಡೇ ದಿನಗಳ ನಂತರ, ಜನವರಿ 13ರಂದು, ‘ಲೋರೋರ್’ ಪತ್ರಿಕೆಯ ಮುಖಪುಟದಲ್ಲಿ ಫ್ರಾನ್ಸಿನ ಅಧ್ಯಕ್ಷ ಫೆಲಿಕ್ಸ್ ಫೋರ್‌ಗೆ ಜೋಲಾ ಬರೆದ ಬಹಿರಂಗ ಪತ್ರ ಪ್ರಕಟವಾಯಿತು. ಶೀರ್ಷಿಕೆ ‘ನಾನು ಆಪಾದಿಸುತ್ತೇನೆ’. ಪತ್ರಿಕೆಯ ಸುಮಾರು ಮೂರು ಲಕ್ಷ ಪ್ರತಿಗಳು ಅಚ್ಚಾದವು. ಪತ್ರದ ಕೊನೆಯಲ್ಲಿ ಸೇನಾಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ಆರೋಪ ಹೊರಿಸಿದ್ದ. 1881ರ ಪತ್ರಿಕಾ ಕಾನೂನಿನ ಯಾವ ವಿಧಿಯ ಕೆಳಗೆ ತನ್ನ ಮೇಲೆ ಮೊಕದ್ದಮೆ ಹೂಡಬಹುದೆಂದು ತಾನೇ ಸೂಚಿಸಿದ್ದ! ಮುಚ್ಚಿದ ಬಾಗಿಲ ಹಿಂದೆ ನಡೆದ ವಿಚಾರಣೆಯ ಸತ್ಯ, ತನ್ನ ಮೇಲಿನ ಮೊಕದ್ದಮೆಯ ನೆಪದಲ್ಲಾದರೂ ಸಾರ್ವಜನಿಕ ನ್ಯಾಯಾಲಯದಲ್ಲಿ ಹೊರಬರಲಿ ಎಂಬುದು ಅವನ ಲೆಕ್ಕಾಚಾರ.

ಆಗ ಅವನಿಗೆ ಐವತ್ತೇಳು ವರ್ಷ. ಸ್ವಂತ ಮನೆ, ತುಂಬಿದ ಖಜಾನೆ, ಲೋಕವಿಖ್ಯಾತಿ ಎಲ್ಲವೂ ಇದ್ದವು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ವಿಚಾರಣೆ ನಡೆದು ಒಂದು ವರ್ಷ ಜೈಲು, ಮೂರು ಸಾವಿರ ಫ್ರಾಂಕ್ ದಂಡ ವಿಧಿಸಲಾಯಿತು. ನ್ಯಾಯಾಲಯದ ಹೊರಗೆ ಜನರ ಗುಂಪು ಅವನ ಸಾವನ್ನೇ ಬಯಸಿ ಕೂಗಿತು. ಪತ್ರಿಕೆಗಳು ಅವನನ್ನು ಪರದೇಶಿ ಎಂದು ಹೀಯಾಳಿಸಿದವು. ಸತ್ತು ಐವತ್ತು ವರ್ಷವಾಗಿದ್ದ ತಂದೆಯ ಮೇಲೂ ಕೆಸರೆರಚಿದವು. ಎರಡನೆಯ ವಿಚಾರಣೆಯ ದಿನ, ಜುಲೈ 18ರ ರಾತ್ರಿ, ವಕೀಲರ ಸಲಹೆಯಂತೆ ಜೋಲಾ ಇಂಗ್ಲೆಂಡಿಗೆ ತೆರಳಿದ. ಭಾಷೆ ಬಾರದ ನಾಡಿನಲ್ಲಿ ಹೆಸರು ಮರೆಸಿಕೊಂಡು ಹನ್ನೊಂದು ತಿಂಗಳು ಕಳೆದ. ನ್ಯಾಯಾಲಯ ವಿಧಿಸಿದ ಹಣದ ವಸೂಲಿಗಾಗಿ ಅವನ ಮನೆಯ ಸಾಮಾನುಗಳನ್ನು ಹರಾಜಿಗಿಟ್ಟಾಗ, ಅವನ ಪ್ರಕಾಶಕ ಒಂದೇ ಒಂದು ಮೇಜಿಗೆ ಪೂರ್ತಿ ಮೊತ್ತ ಕೂಗಿ ಹರಾಜನ್ನು ಅಲ್ಲಿಗೇ ಮುಗಿಸಿದ.

ಇಷ್ಟರಲ್ಲಿ ಸುಳ್ಳಿನ ಗೋಡೆ ಬಿರುಕು ಬಿಟ್ಟಿತ್ತು. 1898ರ ಆಗಸ್ಟ್‌ನಲ್ಲಿ ಅಧಿಕಾರಿಯೊಬ್ಬ ದೀಪದ ಬೆಳಕಿನಲ್ಲಿ ಡ್ರೇಫಸ್ ವಿರುದ್ಧದ ಪತ್ರವೊಂದನ್ನು ಪರೀಕ್ಷಿಸುತ್ತಿದ್ದಾಗ, ಅಂಟಿಸಿದ್ದ ಕಾಗದದ ತುಂಡುಗಳ ಮೇಲಿನ ಚೌಕದ ಗೆರೆಗಳ ಬಣ್ಣ ಬೇರೆ ಬೇರೆಯಾಗಿರುವುದು ಕಂಡಿತು. ಎರಡು ಕಾಗದಗಳ ಚೂರು ಸೇರಿಸಿ ಮಾಡಿದ ಖೋಟಾ ಪತ್ರ ಅದು! ಅದನ್ನು ತಯಾರಿಸಿದ್ದ ಕರ್ನಲ್ ಹೆನ್ರಿ ತಪ್ಪೊಪ್ಪಿಕೊಂಡು ಸೆರೆಯಲ್ಲೇ ಪ್ರಾಣ ಕಳೆದುಕೊಂಡ. 1899ರಲ್ಲಿ ಮರುವಿಚಾರಣೆ ನಡೆಯಿತು. ಸೇನಾ ನ್ಯಾಯಾಲಯ ಮತ್ತೆ ಡ್ರೇಫಸ್‌ನನ್ನೇ ದೋಷಿ ಎಂದಿತಾದರೂ, ಅಧ್ಯಕ್ಷರು ಕ್ಷಮಾದಾನ ನೀಡಿ ಬಿಡುಗಡೆ ಮಾಡಿದರು. 1904ರಲ್ಲಿ ಗಣಿತಜ್ಞ ಹೆನ್ರಿ ಪಾಯಿನ್‌ಕರೆ ಇಬ್ಬರು ಸಹೋದ್ಯೋಗಿಗಳೊಡನೆ ಬೆರ್ತಿಯೋನನ ಲೆಕ್ಕಗಳನ್ನು ಪರಿಶೀಲಿಸಿ, ಸಂಭವನೀಯತೆಯ ನಿಯಮಗಳನ್ನು ಅವನು ತಪ್ಪಾಗಿ ಅನ್ವಯಿಸಿದ್ದಾನೆ ಎಂದು ವರದಿ ಕೊಟ್ಟ. 1906ರ ಜುಲೈ 12ರಂದು ಅತ್ಯುನ್ನತ ನ್ಯಾಯಾಲಯ ಡ್ರೇಫಸ್ ನಿರಪರಾಧಿ ಎಂದು ಸಾರಿತು. ಆದರೆ ಆ ತೀರ್ಪನ್ನು ಕೇಳಲು ಜೋಲಾ ಬದುಕಿರಲಿಲ್ಲ.

ಒಲೆಯ ಹೊಗೆ ತಂದ ಸಾವು

1902ರ ಸೆಪ್ಟೆಂಬರ್ 28ರ ರಾತ್ರಿ. ಹಳ್ಳಿಯ ಮನೆಯಿಂದ ಪ್ಯಾರಿಸ್ಸಿಗೆ ಹಿಂದಿರುಗಿದ ಜೋಲಾ ದಂಪತಿಗಳ ಮಲಗುವ ಕೋಣೆಯಲ್ಲಿ ಚಳಿಗಾಗಿ ಬೆಂಕಿ ಹಾಕಲಾಗಿತ್ತು. ಕಿಟಕಿ ಬಾಗಿಲು ಭದ್ರ. ಚಿಮಣಿ ಕಟ್ಟಿಕೊಂಡಿತ್ತು. ರಾತ್ರಿ ಇಬ್ಬರಿಗೂ ತಲೆನೋವು, ಸಂಕಟ. ಆಳುಗಳನ್ನು ಎಬ್ಬಿಸೋಣವೆಂದು ಪತ್ನಿ ಹೇಳಿದರೂ, ಅವರ ನಿದ್ದೆ ಕೆಡಿಸುವುದು ಬೇಡ, ಬೆಳಗಾದರೆ ಸರಿಹೋಗುತ್ತದೆ ಎಂದು ಜೋಲಾ ತಡೆದ. ಕಿಟಕಿ ತೆರೆಯಲು ಎದ್ದವನು ಕುಸಿದುಬಿದ್ದ. 29ರ ಬೆಳಿಗ್ಗೆ ಬಾಗಿಲು ಒಡೆದಾಗ ಪತ್ನಿಗೆ ಜೀವವಿತ್ತು, ಜೋಲಾ ಉಳಿಯಲಿಲ್ಲ.

ಕಾರಣ ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಉರಿಯುವ ಇದ್ದಲಿನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮನುಷ್ಯ ಉಸಿರಾಡುತ್ತಿದ್ದರೂ ಆಕ್ಸಿಜನ್ ಇಲ್ಲದೆ ಸಾಯುತ್ತಾನೆ. ಮುಚ್ಚಿದ ಸ್ನಾನದ ಮನೆಯ ಗ್ಯಾಸ್ ಗೀಸರ್, ಮಲಗುವ ಕೋಣೆಯ ಇದ್ದಲ ಅಗ್ಗಿಷ್ಟಿಕೆಗಳು ಇಂದಿಗೂ ಜೀವ ತೆಗೆಯುವುದು ಇದೇ ರೀತಿಯಲ್ಲಿ. ಇದು ತಂದೆ ತಾಯಂದಿರು ನೆನಪಿಡಬೇಕಾದ ಮಾತು.

ಅಂದಿನ ತನಿಖೆಯಲ್ಲಿ ಅದೇ ಕೋಣೆಯಲ್ಲಿ ಬೆಂಕಿ ಹೊತ್ತಿಸಿ ಗಿನಿಯಿಲಿಗಳನ್ನು ಇಟ್ಟು ನೋಡಿದರು. ಅವು ಸಾಯಲಿಲ್ಲ. ಆದರೂ ಇದು ಆಕಸ್ಮಿಕ ಎಂದು ತೀರ್ಮಾನವಾಯಿತು. ಡ್ರೇಫಸ್ ವಿರೋಧಿಯಾಗಿದ್ದ ಕೆಲಸಗಾರನೊಬ್ಬ ತಾನೇ ಚಿಮಣಿ ಮುಚ್ಚಿದ್ದೆನೆಂದು ಸಾಯುವ ಮುನ್ನ ಹೇಳಿಕೊಂಡಿದ್ದನೆಂಬ ವರದಿ 1953ರಲ್ಲಿ ಪತ್ರಿಕೆಯೊಂದರಲ್ಲಿ ಬಂತು. ಅದಕ್ಕೆ ಪುರಾವೆ ಸಿಕ್ಕಿಲ್ಲ, ಅನುಮಾನವೂ ಹೋಗಿಲ್ಲ.

ಅಕ್ಟೋಬರ್ 5ರಂದು ನಡೆದ ಶವಯಾತ್ರೆಯಲ್ಲಿ ಸಾವಿರಾರು ಜನ ಸೇರಿದರು. ಉತ್ತರದ ಗಣಿಗಳಿಂದ ಬಂದ ಕಾರ್ಮಿಕರು ಬೇರೇನನ್ನೂ ಹೇಳದೆ ‘ಜೆರ್ಮಿನಾಲ್! ಜೆರ್ಮಿನಾಲ್!’ ಎಂದು ಕೂಗುತ್ತಾ ನಡೆದರು. 1908ರಲ್ಲಿ ಅವನ ಅವಶೇಷಗಳನ್ನು ರಾಷ್ಟ್ರದ ಮಹಾಪುರುಷರ ಸಮಾಧಿ ಮಂದಿರವಾದ ‘ಪಾಂಥೆಯಾನ್’ಗೆ ಸಾಗಿಸಿ, ವಿಕ್ಟರ್ ಹ್ಯೂಗೋನ ಪಕ್ಕದಲ್ಲಿ ಇರಿಸಲಾಯಿತು. ಆ ಸಮಾರಂಭದಲ್ಲಿ ಹಾಜರಿದ್ದ ಡ್ರೇಫಸ್ ಮೇಲೆ ಪತ್ರಕರ್ತನೊಬ್ಬ ಗುಂಡು ಹಾರಿಸಿದ. ಕೈಗೆ ಗಾಯವಾಗಿ ಡ್ರೇಫಸ್ ಬದುಕಿಕೊಂಡ. ದ್ವೇಷ ಅಷ್ಟು ಬೇಗ ಆರುವುದಿಲ್ಲ.

ಫ್ರೆಂಚ್ ಅಕಾಡೆಮಿ ಜೋಲಾನನ್ನು ಎಷ್ಟು ಸಲ ಅರ್ಜಿ ಹಾಕಿದರೂ ಒಳಗೆ ಬಿಟ್ಟುಕೊಳ್ಳಲಿಲ್ಲ. 1901, 1902ರಲ್ಲಿ ರಸಾಯನ ವಿಜ್ಞಾನಿ ಬೆರ್ತಲೊ ನೊಬೆಲ್ ಬಹುಮಾನಕ್ಕೆ ಅವನ ಹೆಸರು ಸೂಚಿಸಿದರೂ ಬಹುಮಾನ ಬರಲಿಲ್ಲ. ಮೇದಾನ್ ಎಂಬ ಹಳ್ಳಿಯಲ್ಲಿ ಅವನು ಬರೆಯುತ್ತಿದ್ದ ಮನೆ ಇಂದು ವಸ್ತುಸಂಗ್ರಹಾಲಯ. 2021ರಲ್ಲಿ ಅದೇ ಆವರಣದಲ್ಲಿ ಡ್ರೇಫಸ್ ನೆನಪಿನ ಸಂಗ್ರಹಾಲಯವೂ ತೆರೆಯಿತು. ಅವನ ಅಧ್ಯಯನ ಕೊಠಡಿಯ ಅಗ್ಗಿಷ್ಟಿಕೆಯ ಮೇಲೆ, ಒಂದು ಸಾಲಾದರೂ ಬರೆಯದೆ ಯಾವ ದಿನವೂ ಕಳೆಯಬಾರದು ಎಂಬರ್ಥದ ಲ್ಯಾಟಿನ್ ಮಾತನ್ನು ಬರೆಸಲಾಗಿತ್ತು. ದಿನವೂ ಬೆಳಿಗ್ಗೆ ನಿಗದಿತ ಹೊತ್ತಿಗೆ ಮೇಜಿನ ಮುಂದೆ ಕುಳಿತು, ನಾಲ್ಕಾರು ಪುಟ ಬರೆದು ಏಳುವುದು ಅವನ ನಿಯಮ. ಇಪ್ಪತ್ತೆರಡು ವರ್ಷಗಳಲ್ಲಿ ಇಪ್ಪತ್ತು ಕಾದಂಬರಿಗಳು ಮೂಡಿದ್ದು ಹಾಗೆ. ಪ್ರತಿಭೆ ಎಲ್ಲರಿಗೂ ಒಲಿಯದಿರಬಹುದು. ಆದರೆ ಹೇಳುವ ಮುನ್ನ ಹೋಗಿ ನೋಡುವುದು, ನೋಡಿದ್ದನ್ನು ಬರೆದಿಡುವುದು, ನಿಜವೆಂದು ಖಚಿತವಾದದ್ದನ್ನು ಹೇಳಲು ಹಿಂಜರಿಯದಿರುವುದು, ಈ ಮೂರನ್ನು ಮನಸ್ಸಿದ್ದರೆ ಯಾವ ವಿದ್ಯಾರ್ಥಿಯೂ ಇಂದಿನಿಂದಲೇ ರೂಢಿಸಿಕೊಳ್ಳಬಹುದು.